ಆಸರೆಮರ ಕೀಳುವ ಮೊದಲು

ನನಗೊಂದು ಹವ್ಯಾಸವಿದೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಬಿಡುವಾದಾಗ ಬೇರೆಯವರು ಗಿಡ ನೆಡುತ್ತಾರೆ, ಇಸ್ಪೀಟು ಆಡುತ್ತಾರೆ, ಬಂಗಾರಪೇಟೆಯ ಪಾನಿಪುರಿ ಗಾಡಿಯ ಮುಂದೆ ನಿಂತು ದೇಶದ ಭವಿಷ್ಯ ತೀರ್ಮಾನಿಸುತ್ತಾರೆ. ನಾನು ಸೋಲುಗಳನ್ನು ಓದುತ್ತೇನೆ. ಮನುಷ್ಯರ ಸೋಲಲ್ಲ, ಅಷ್ಟು ದೊಡ್ಡವನಲ್ಲ ನಾನು. ಕಂಪ್ಯೂಟರಿನ ಸೋಲು.

ವಿವರಿಸಿ ಹೇಳದಿದ್ದರೆ ನೀವು ಪುಟ ಮಗುಚುತ್ತೀರಿ, ಗೊತ್ತು. ಕಂಪ್ಯೂಟರಿನೊಳಗೆ, ನಮ್ಮ ಫೋನಿನೊಳಗೆ, ಗೋಡೆಗೆ ನೇತುಹಾಕಿದ ಇಂಟರ್ನೆಟ್ ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ಒಳಗಡೆ ಕರ್ನೆಲ್ ಎಂಬ ಪ್ರೋಗ್ರಾಮು ಕೂತಿರುತ್ತದೆ. ಉಳಿದ ಪ್ರೋಗ್ರಾಮುಗಳಿಗೆಲ್ಲ ಅದೇ ಯಜಮಾನ. ಆ ಕರ್ನೆಲ್‌ನಲ್ಲಿ ನೆಟ್‌ವರ್ಕಿನ ವ್ಯವಹಾರ ನೋಡಿಕೊಳ್ಳುವ ಒಂದು ಭಾಗವಿದೆ. ಪ್ರಪಂಚದ ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಿ ಕಳಿಸಬಹುದು. ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಎಲ್ಲ ಸರಿಹೋದರೆ ಏನು ಮಾಡಬೇಕು ಎಂಬುದನ್ನು ಎಲ್ಲರೂ ಮುತುವರ್ಜಿಯಿಂದ ಬರೆದಿರುತ್ತಾರೆ. ಮಧ್ಯದಲ್ಲಿ ಎಡವಿದರೆ ಏನು ಮಾಡಬೇಕು ಎಂಬ ಸಾಲುಗಳನ್ನು ಮಾತ್ರ ಹಸಿದ ಹೊಟ್ಟೆಯಲ್ಲಿ, ಊಟಕ್ಕೆ ಏಳುವ ಅವಸರದಲ್ಲಿ ಬರೆದಂತಿರುತ್ತದೆ.

ಮದುವೆಯನ್ನೇ ತೆಗೆದುಕೊಳ್ಳಿ. ಮೊದಲು ಛತ್ರ ಹಿಡಿಯುತ್ತೀರಿ, ಆಮೇಲೆ ಅಡುಗೆಯವರು, ಆಮೇಲೆ ಓಲಗ. ಅಷ್ಟರಲ್ಲಿ ಹುಡುಗಿ ಒಲ್ಲೆ ಅಂದಳು. ಆಗ ಹಿಂದಿನಿಂದ ಬಿಡಿಸಿಕೊಂಡು ಬರಬೇಕು. ಓಲಗದವರಿಗೆ ಬೇಡ ಅನ್ನಬೇಕು, ಅಡುಗೆಯವರಿಗೆ ಬೇಡ ಅನ್ನಬೇಕು, ಕೊನೆಗೆ ಛತ್ರ ಬಿಡಬೇಕು. ಛತ್ರ ಮೊದಲು ಬಿಟ್ಟು ಅಡುಗೆಯವರಿಗೆ ಹೇಳುವುದನ್ನು ಮರೆತಿರೋ, ಅವರು ಬೆಳಗ್ಗೆ ಪಾತ್ರೆ ಪರಡಿ ಹೊತ್ತು ಬಂದು ಯಾರದೋ ನಾಮಕರಣದ ನಡುವೆ ನಿಮ್ಮ ಬೀಗರಿಗೆ ಹುಳಿ ಕುದಿಸುತ್ತಾರೆ. ಕರ್ನೆಲ್‌ನಲ್ಲಿ ಆಗುವ ಅನಾಹುತಗಳಲ್ಲಿ ಅರ್ಧ ಇಂಥವೇ. ಬಿಟ್ಟುಕೊಟ್ಟ ಜಾಗಕ್ಕೆ ಯಾರೋ ಗೊತ್ತಿಲ್ಲದೆ ಬಂದು ಒಲೆ ಹೂಡುತ್ತಾರೆ, ಇಡೀ ಯಂತ್ರ ಮಕಾಡೆ ಮಲಗುತ್ತದೆ. ಈ ಹಿಂದಿರುಗುವ ದಾರಿಗಳನ್ನು ಗುಡಿಸಿ ಸಾರಿಸುವುದೇ ನನ್ನ ಹವ್ಯಾಸ.

ಹವ್ಯಾಸ ಹತ್ತಿಸಿದವನು ಮುನಿರಾಜು.

ಅವನು ಬೂದಿಕೋಟೆ ರಸ್ತೆಯ ಹಳ್ಳಿಯವನು. ಡಿಪ್ಲೊಮಾ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದೆವು. ನಾನು ಕೆಜಿಎಫ್‌ನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನಾದೆ. ಅವನು ಅಲ್ಲೇ ಊರ್ಗಾಂ ಹತ್ತಿರ ಮನೆಮನೆಗೆ ಇಂಟರ್ನೆಟ್ ಕೇಬಲ್ ಎಳೆಯುವ ಅಂಗಡಿ ಇಟ್ಟ. ಹಳ್ಳಿಯಲ್ಲಿ ಎರಡು ಸೀಮೆಹಸು. ಬೆಳಗ್ಗೆ ಡೇರಿಗೆ ಹಾಲು ಹಾಕಿ, ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ನಾನು ಹತ್ತುವ ಮಾರಿಕುಪ್ಪಂ ರೈಲನ್ನೇ ಹತ್ತುತ್ತಿದ್ದ. ನಾನು ಸ್ಟೇಷನ್ ಹಿಂದಿನ ಬೀದಿಯವನಾದ್ದರಿಂದ ಮೊದಲೇ ಹೋಗಿ ಎದುರು ಸೀಟಿಗೆ ಟವೆಲ್ ಹಾಕಿ ಕಾಯುತ್ತಿದ್ದೆ. ಅವನು ಬಂದು ಕೂತರೆ ಅಂಗಿಯಿಂದ ಹಿಂಡಿಯ ವಾಸನೆ.

ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನ್ ಮನೆಗಳಿಗೆ, ಅಂದರೆ ಗಣಿ ಕೆಲಸಗಾರರ ಹಳೆಯ ಸಾಲುಮನೆಗಳಿಗೆಲ್ಲ, ಅವನದೇ ಕೇಬಲ್ಲು. ಅಲ್ಲಿ ಕರೆಂಟು ಹೋಗಿ ಬಂದು ಮಾಡಿದಾಗಲೆಲ್ಲ ಪೆಟ್ಟಿಗೆಗಳು ಸತ್ತು ಬೀಳುತ್ತಿದ್ದವು. ಮನೆಯವರು ತಮಿಳಿನಲ್ಲಿ ಬೈಯುತ್ತಿದ್ದರು, ಇವನು ತಮಿಳಿನಲ್ಲೇ ಸಮಾಧಾನ ಹೇಳಿ, ಫೋನಿಟ್ಟು, ತೆಲುಗಿನಲ್ಲಿ ತನ್ನ ಹಣೆಬರಹವನ್ನು ಬೈದುಕೊಳ್ಳುತ್ತಿದ್ದ. ಒಂದು ದಿನ ರೋಸಿಹೋಗಿ, ಪೆಟ್ಟಿಗೆ ಯಾಕೆ ಸಾಯುತ್ತೆ ನೋಡೇಬಿಡೋಣ ಬಾ ಎಂದ. ರೈಲಿನಲ್ಲೇ ಲ್ಯಾಪ್‌ಟಾಪ್ ಬಿಚ್ಚಿದೆವು. ಹಲವಾರು ಬೆಳಗು ಕಳೆದ ಮೇಲೆ ಸಿಕ್ಕಿತು. ಕರೆಂಟು ಕುಗ್ಗಿದಾಗ ಪೆಟ್ಟಿಗೆ ಏಳಲು ಹೋಗಿ ಅರ್ಧಕ್ಕೆ ಎಡವುತ್ತಿತ್ತು. ಎಡವಿದ ಪ್ರತಿ ಸಲವೂ ಹಿಡಿದುಕೊಂಡ ಮೆಮೊರಿಯ ಜಾಗವನ್ನು ಬಿಡಲು ಮರೆಯುತ್ತಿತ್ತು. ಒಂದು ಸಾಲು ಸೇರಿಸಿ ಕಳಿಸಿದೆವು. ಕಳಿಸುವುದು ಇಮೇಲಿನಲ್ಲಿ, ಎಲ್ಲರೂ ಓದುವ ಒಂದು ಪಟ್ಟಿಗೆ. ಅದನ್ನು ನಾವು ಲಿಸ್ಟು ಅನ್ನುತ್ತೇವೆ. ಯಾವುದೋ ದೇಶದ ಮೇಲ್ವಿಚಾರಕನೊಬ್ಬ ನೋಡಿ ಒಪ್ಪಿಕೊಂಡ. ನಮ್ಮಿಬ್ಬರ ಹೆಸರೂ ಅದರಲ್ಲಿತ್ತು. ಮುನಿರಾಜು ಅದನ್ನು ತೋರಿಸಲು ತನ್ನ ಅಪ್ಪನನ್ನು ಅಂಗಡಿಗೆ ಕರೆದುಕೊಂಡು ಬಂದಿದ್ದ.

ಅವನ ಅಪ್ಪ ನಂದಿದುರ್ಗದ ಗಣಿಯಲ್ಲಿ ಸುರಂಗದ ಚಾವಣಿ ಕುಸಿಯದಂತೆ ಆಸರೆಮರ ನಿಲ್ಲಿಸುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಹಸು ಕಟ್ಟಿದರು. ಪರದೆಯ ಮೇಲಿನ ಇಂಗ್ಲಿಷನ್ನು ಕನ್ನಡಕದ ಮೇಲಿನಿಂದ ನೋಡಿ, ಇದರಲ್ಲಿ ನೀವು ಮಾಡಿದ್ದೇನು ಎಂದು ಕೇಳಿದರು. ವಿವರಿಸಿದೆವು. ಓ, ಮರ ವಾಪಸು ತರೋದು ಅಂದರು. ಅದಿರು ಮುಗಿದ ಜಾಗದಿಂದ ಮರ ಬಿಚ್ಚಿಕೊಂಡು ಬರುವಾಗ ಒಳತುದಿಯಿಂದ ಶುರುಮಾಡಿ ಹಿಂದೆ ಹಿಂದೆ ನಡೆಯುತ್ತ ಬರಬೇಕಂತೆ, ಕಡೆಗೆ ನಿಲ್ಲಿಸಿದ್ದು ಮೊದಲು. ನಾನು ಮೂರು ಪುಸ್ತಕ ಓದಿ ತಿಳಿದದ್ದನ್ನು ಅವರು ಬೀಡಿ ಹಚ್ಚುವಷ್ಟರಲ್ಲಿ ಹೇಳಿ ಮುಗಿಸಿದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು.

"ಮರ ಕೀಳಾಕ್ ಮುಂಚೆ ಅಡೀಲಿ ಯಾರವ್ರೆ ಅಂತ ಕೂಗಿ ಕೇಳ್ಬೇಕು ಕಣಪ್ಪ. ಯಾರೂ ಇಲ್ಲ ಅಂತ ನಿಂಗೆ ಗೊತ್ತಿದ್ರೂ ಕೂಗ್ಬೇಕು."

ಮುನಿರಾಜು ಇದನ್ನು ಮನಸ್ಸಿಗೆ ಹಾಕಿಕೊಂಡ. ನಾನು ಹಾಕಿಕೊಳ್ಳಲಿಲ್ಲ. ನನ್ನ ಹುಚ್ಚು ಬೇರೆ ಇತ್ತು, ಚಿಕ್ಕದಾಗಿ ಬರೆಯುವ ಹುಚ್ಚು. ನಾಲ್ಕು ಸಾಲಿನದನ್ನು ಮೂರು ಸಾಲಿಗೆ ಇಳಿಸಿದ ದಿನ ನನಗೆ ಊಟ ರುಚಿಸುತ್ತಿತ್ತು. ಹಿಂದಿರುಗುವ ದಾರಿ ಒಂದೊಂದು ಸೋಲಿಗೂ ಒಂದೊಂದು ಏಕೆ, ಎಲ್ಲಕ್ಕೂ ಒಂದೇ ಸಾಲದೇ ಎಂಬುದು ನನ್ನ ವಾದ. ಅದಕ್ಕೆ ಶಾಸ್ತ್ರದ ಬೆಂಬಲವೂ ಇದೆ ಎಂದು ಅವನಿಗೆ ಹೇಳುತ್ತಿದ್ದೆ. ಪೂಜೆಯ ಕೊನೆಗೆ ಪುರೋಹಿತರು ಮಂತ್ರದಲ್ಲಿ ತಪ್ಪಿದ್ದರೆ, ಕ್ರಿಯೆಯಲ್ಲಿ ತಪ್ಪಿದ್ದರೆ, ಭಕ್ತಿಯಲ್ಲೇ ಕೊರತೆಯಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಕ್ಷಮಿಸಿಬಿಡು ಅನ್ನುತ್ತಾರಲ್ಲ. ಎಲ್ಲಿ ಎಡವಿದರೂ ಕೊನೆಗೆ ಬಂದು ಬೀಳುವ ಜಾಗ ಒಂದೇ. ನಮ್ಮ ಹಿರಿಯರು ಎಂಥ ಪ್ರೋಗ್ರಾಮರುಗಳು ನೋಡು ಅನ್ನುತ್ತಿದ್ದೆ. ದೇವರಿಗೆ ಪುರುಸೊತ್ತಿರುತ್ತೆ, ಪೆಟ್ಟಿಗೆಗೆ ಇರಲ್ಲ ಎಂದು ಹೇಳಿ ಅವನು ಕಿಟಕಿಯಾಚೆ ಗಣಿಯ ಕಸ ಸುರಿದ ಸೈನೈಡ್ ಗುಡ್ಡ ನೋಡುತ್ತಿದ್ದ.

ಹೀಗೇ ನಡೆದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ, ಟವೆಲ್ ಹಾಕಿಕೊಂಡು ಸುಖವಾಗಿರುತ್ತಿದ್ದೆ.

ಒಂದು ಶುಕ್ರವಾರ ಮುನಿರಾಜು ತಾನೊಬ್ಬನೇ ಒಂದು ತಿದ್ದುಪಡಿ ಬರೆದು ಲಿಸ್ಟಿಗೆ ಕಳಿಸಿದ. ನೆಟ್‌ವರ್ಕ್ ಕಾರ್ಡೊಂದು ಏಳುವ ಹೊತ್ತಿನ ಕೋಡು ಅದು. ಮೂರನೇ ಹೆಜ್ಜೆಯಲ್ಲಿ ಎಡವಿದರೆ, ಹಿಂದೆ ಓಡುತ್ತಿರಬಹುದಾದ ಒಂದು ಸಣ್ಣ ಕೆಲಸವನ್ನು ನಿಲ್ಲಿಸಿ, ಅದು ಪೂರಾ ನಿಂತಿತೇ ಎಂದು ಕಾದು, ಆಮೇಲೆ ಜಾಗ ಬಿಡಬೇಕು ಎಂದು ಬರೆದಿದ್ದ. ನಾನು ಓದಿದೆ. ಆ ಹೊತ್ತಿಗೆ ಆ ಸಣ್ಣ ಕೆಲಸ ಶುರುವೇ ಆಗಿರುವುದಿಲ್ಲ, ಕಾಯುವುದು ಯಾಕೆ ಅನ್ನಿಸಿತು. ಆದರೆ ನನಗೆ ಚುಚ್ಚಿದ್ದು ಅದಲ್ಲ, ನಿಜ ಹೇಳಿಬಿಡುತ್ತೇನೆ. ನನಗೆ ತೋರಿಸದೆ ಕಳಿಸಿದ್ದ. ಅಷ್ಟೇ. ಐವತ್ತರ ಹತ್ತಿರದ ಗಂಡಸು, ಮೂಗಿನ ಮೇಲೆ ಕನ್ನಡಕ, ಎರಡನೇ ತರಗತಿ ಹುಡುಗನ ಹಾಗೆ ಮುಖ ಊದಿಸಿಕೊಂಡೆ.

ಶನಿವಾರ ರೈಲಿನಲ್ಲಿ ಎದುರಿಗೇ ಕೂತಿದ್ದ. ಹಸು ಕರು ಹಾಕಿದ ವಿಷಯ ಮಾತಾಡಿದೆವು. ನಾನು ತಿದ್ದುಪಡಿಯ ಮಾತೆತ್ತಲಿಲ್ಲ. ಭಾನುವಾರ ಊಟ ಮುಗಿಸಿ, ಕಾಲು ಚಾಚಿ ಕೂತು, ಲಿಸ್ಟಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆದೆ. ಈ ಕಾಯುವಿಕೆ ಅನಗತ್ಯ, ಕಳಿಸುವ ಮುಂಚೆ ಈ ಕೋಡು ಹೇಗೆ ನಡೆಯುತ್ತದೆಂದು ಓದಿಕೊಂಡರೆ ಎಲ್ಲರ ಸಮಯ ಉಳಿಯುತ್ತದೆ ಎಂದು. ಜೊತೆಗೆ ನನ್ನದೇ ತಿದ್ದುಪಡಿ ಲಗತ್ತಿಸಿದೆ. ಅದರಲ್ಲಿ ಮೂರು ಹಿಂದಿರುಗುವ ದಾರಿಗಳನ್ನು ಒಂದೇ ಮಾಡಿದ್ದೆ. ಅಂದವಾಗಿತ್ತು, ಸ್ವಂತಕ್ಕೆ ಹೇಳಬಾರದು. ಮೇಲ್ವಿಚಾರಕ ನನ್ನದನ್ನೇ ಒಪ್ಪಿಕೊಂಡ.

ಸೋಮವಾರ ಮುನಿರಾಜು ಬಂದ. ಟವೆಲ್ ತೆಗೆದು ಜಾಗ ಬಿಟ್ಟೆ. ಅವನು ಕೂರಲಿಲ್ಲ.

"ಮೊನ್ನೆ ಎದ್ರಿಗೇ ಕುಂತಿದ್ನಲ್ಲೋ," ಅಂದ. "ಬಾಯ್ಬಿಟ್ಟು ಯೇಳಾಕಾಗ್ಲಿಲ್ವಾ?"

ಉತ್ತರಕ್ಕೆ ಕಾಯಲಿಲ್ಲ, ಇಳಿದು ಪಕ್ಕದ ಬೋಗಿಗೆ ಹೋದ. ಮರುವಾರದಿಂದ ಕೆಜಿಎಫ್‌ಗೆ ಬಸ್ಸೇ ಹಿಡಿಯತೊಡಗಿದ ಎಂದು ಯಾರೋ ಹೇಳಿದರು. ಲಿಸ್ಟಿಗೆ ಬರೆಯುವುದನ್ನೂ ನಿಲ್ಲಿಸಿದ.

ಎರಡು ವರ್ಷ. ಟವೆಲ್ ಹಾಕುವ ಅಭ್ಯಾಸ ಮಾತ್ರ ನನಗೆ ಹೋಗಲಿಲ್ಲ. ಯಾರಾದರೂ ಕೇಳಿದರೆ ಆಳು ಬರ್ತಾರೆ ಅನ್ನುತ್ತಿದ್ದೆ. ಕೋರಮಂಡಲ್ ಸ್ಟೇಷನ್ ದಾಟಿದರೂ ಆಳು ಬಾರದಿರುವುದನ್ನು ಕಂಡ ಒಬ್ಬ ಹೂವಿನವಳು, ಏನಯ್ಯಾ ನಿನ್ನ ಆಳು ದೆವ್ವವಾ ಎಂದು ಬುಟ್ಟಿ ಇಟ್ಟೇಬಿಟ್ಟಳು. ಅವತ್ತಿನಿಂದ ಟವೆಲ್ ಹೆಗಲ ಮೇಲೆ. ನನಗೆ ಅವನಿಲ್ಲದೆ ಬೇಜಾರಾಗುತ್ತಿತ್ತು. ಹೆಂಡತಿ ಇದ್ದಾಳೆ, ಕಾಲೇಜಿದೆ, ಫೋನಿನಲ್ಲಿ ಮುನ್ನೂರು ಹೆಸರಿವೆ, ಆದರೆ ಒಂದು ಸಾಲು ಕೋಡು ತೋರಿಸಿ ಇದು ಸರಿಯಾ ನೋಡೋ ಅನ್ನಲು ಇಡೀ ತಾಲ್ಲೂಕಿನಲ್ಲಿ ಒಬ್ಬನೇ ಇದ್ದ. ಹೊಗಳುವವರು ಎಲ್ಲಿ ಬೇಕಾದರೂ ಸಿಗುತ್ತಾರೆ. ನನ್ನ ತಪ್ಪನ್ನು ಪ್ರೀತಿಯಿಂದ ಹುಡುಕುವವನು ಮತ್ತೆ ಸಿಗಲಿಲ್ಲ. ಹೊಸದೊಂದು ತಿದ್ದುಪಡಿ ಒಪ್ಪಿಗೆಯಾದಾಗಲೆಲ್ಲ ಫೋನಿನಲ್ಲಿ ಅವನ ಹೆಸರಿನ ತನಕ ಹೋಗುತ್ತಿದ್ದೆ, ಹೆಬ್ಬೆರಳು ಅಲ್ಲೇ ನಿಲ್ಲುತ್ತಿತ್ತು.

ಕ್ಷಮೆ ಕೇಳಲಿಲ್ಲವೇ ಅನ್ನುತ್ತೀರಿ. ಕೇಳಿದೆ. ಯುಗಾದಿಯ ದಿನ, ಬೇವುಬೆಲ್ಲದ ಚಿತ್ರದ ಕೆಳಗೆ, ತಿಳಿದೋ ತಿಳಿಯದೆಯೋ ನನ್ನಿಂದ ಏನಾದರೂ ತಪ್ಪಾಗಿದ್ದರೆ ಮನ್ನಿಸಿ ಎಂದು. ನಲವತ್ತು ಜನಕ್ಕೆ ಕಳಿಸಿದ ಸಂದೇಶ, ಅದರಲ್ಲಿ ಅವನೂ ಒಬ್ಬ. ಮೂವತ್ತೊಂಬತ್ತು ಜನ ಕೈಮುಗಿದರು. ಅವನು ಓದಿದ್ದಕ್ಕೆ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಆಗ ನನಗೇ ಕೋಪ ಬಂತು, ನೋಡಿ. ಕ್ಷಮೆ ಕೇಳಿದರೂ ಕೊಬ್ಬು ಅಂದುಕೊಂಡೆ.

ಆಮೇಲೆ ಒಂದು ಬೆಳಗ್ಗೆ ಲಿಸ್ಟಿನಲ್ಲಿ ನನ್ನ ಹೆಸರಿಗೇ ಒಂದು ದೂರು ಬಂತು. ದೂರು ಕೊಟ್ಟದ್ದು ಮನುಷ್ಯನಲ್ಲ, ಪರೀಕ್ಷೆ ಮಾಡುವ ಯಂತ್ರ. ಒಂದೊಂದೇ ಹೆಜ್ಜೆಯನ್ನು ಬೇಕೆಂದೇ ಸೋಲಿಸಿ, ಆಗೇನಾಗುತ್ತದೆ ನೋಡುವುದು ಅದರ ಉದ್ಯೋಗ. ಮೂರನೇ ಹೆಜ್ಜೆ ಸೋಲಿಸಿದಾಗ ಇಡೀ ಕರ್ನೆಲ್ ಕುಸಿದಿತ್ತು. ಜಾಡು ಹಿಡಿದರೆ ಬಂದು ನಿಂತದ್ದು ನನ್ನ ಆ ಅಂದವಾದ ತಿದ್ದುಪಡಿಯ ಮುಂದೆ. ಲ್ಯಾಬಿನಲ್ಲಿ ಕೂತು ಸಾಲು ಸಾಲು ಓದಿದೆ. ಶುರುವೇ ಆಗಿರುವುದಿಲ್ಲ ಎಂದು ನಾನಂದಿದ್ದ ಆ ಸಣ್ಣ ಕೆಲಸ ಅಪರೂಪಕ್ಕೊಮ್ಮೆ ಶುರುವಾಗಿರುತ್ತಿತ್ತು. ನಾನು ಛತ್ರ ಬಿಟ್ಟುಕೊಟ್ಟಿದ್ದೆ, ಅಡುಗೆಯವರು ಒಳಗೇ ಇದ್ದರು. ಮುನಿರಾಜುವಿನ ಹಳೆಯ ತಿದ್ದುಪಡಿ ತೆರೆದು ನೋಡಿದೆ. ಮಾಡಬೇಕಾದದ್ದು ಅಕ್ಷರಶಃ ಅದೇ. ಅವನು ಮರ ಕೀಳುವ ಮುಂಚೆ ಕೂಗಿ ಕೇಳಿದ್ದ, ನಾನು ನಾಲ್ಕು ಜನರೆದುರು ಕೂಗಬೇಡ ಅಂದಿದ್ದೆ.

ಇಲ್ಲಿ ನಮ್ಮ ಕಸುಬಿನ ಎರಡು ರಿವಾಜು ಹೇಳಬೇಕು. ತಪ್ಪು ತಿದ್ದುವಾಗ ಯಾವ ತಪ್ಪನ್ನು ತಿದ್ದುತ್ತಿದ್ದೀರಿ ಎಂದು ಬೊಟ್ಟುಮಾಡಿ ಬರೆಯಬೇಕು. ಪ್ರತಿ ತಿದ್ದುಪಡಿಗೂ ಒಂದು ಗುರುತಿನ ಸಂಖ್ಯೆಯಿರುತ್ತದೆ, ಅದರ ಮೊದಲ ಹನ್ನೆರಡು ಅಕ್ಷರವನ್ನೂ ಆ ತಿದ್ದುಪಡಿಯ ಹೆಸರನ್ನೂ ಬರೆಯಬೇಕು. ಏನಾದರೂ ತಪ್ಪಾಗಿದ್ದರೆ ಎಂಬ ಯುಗಾದಿ ಸೌಲಭ್ಯ ಅಲ್ಲಿಲ್ಲ. ಎರಡನೆಯದು, ಈ ಉಪಾಯ ಇಂಥವರದು ಎಂದು ಇನ್ನೊಬ್ಬರ ಹೆಸರನ್ನು ಕೆಳಗೆ ಸೇರಿಸಬೇಕಾದರೆ ಅವರ ಒಪ್ಪಿಗೆ ಕೇಳಬೇಕು. ಕೇಳದೆ ಹಾಕುವಂತಿಲ್ಲ. ಅವನ ಹೆಸರು ಹಾಕದೆ ಮುಗಿಸಿದರೆ ಅವನಿಗೆ ಎರಡನೇ ಸಲ ಅನ್ಯಾಯ ಮಾಡಿದಂತೆ. ಹಾಕಬೇಕಾದರೆ ಮಾತಾಡಿಸಬೇಕು. ಎರಡು ದಿನ ಇಮೇಲ್ ಬರೆದು ಬರೆದು ಅಳಿಸಿದೆ. ಮೂರನೇ ದಿನ ಊರ್ಗಾಂನಲ್ಲಿ ಇಳಿದು ಅವನ ಅಂಗಡಿಗೆ ನಡೆದೆ. ಬೀಗ ಹಾಕಿತ್ತು. ನಂದಿದುರ್ಗದ ಲೈನಿನಲ್ಲಿದ್ದಾನೆ ಎಂದು ಪಕ್ಕದ ಚಹಾದವನು ಹೇಳಿದ.

ಹೋಗಿ ನೋಡಿದರೆ ಆಸಾಮಿ ಲೈನ್ ಮನೆಯೊಂದರ ಮುಂದೆ ಏಣಿಯ ತುದಿಯಲ್ಲಿ, ಬಾಯಲ್ಲಿ ಕೇಬಲ್ ಕಚ್ಚಿಕೊಂಡು ನಿಂತಿದ್ದಾನೆ. ನನ್ನನ್ನು ನೋಡಿದ, ಮುಖ ತಿರುಗಿಸಿದ. ಅವನು ಇಳಿಯುವ ಹಾಗಿಲ್ಲ, ನಾನು ಹತ್ತುವ ಹಾಗಿಲ್ಲ. ಅಷ್ಟರಲ್ಲಿ ಆ ಮನೆಯ ಅಜ್ಜಿ ಹೊಸ್ತಿಲಲ್ಲಿ ಕೂತಲ್ಲಿಂದಲೇ, ಸುಮ್ಮನೆ ನಿಂತು ನೋಡುತ್ತೀಯಲ್ಲ, ಏಣಿ ಹಿಡಿದುಕೋ ಎಂದು ತಮಿಳಿನಲ್ಲಿ ಗದರಿದಳು. ಹಿಡಿದುಕೊಂಡೆ. ಎರಡೂ ಕೈಗೆ ಕೆಲಸ ಸಿಕ್ಕಿದ್ದರಿಂದಲೋ ಏನೋ, ಬಾಯಿ ಬಂತು. ಅವನ ಚಪ್ಪಲಿಯನ್ನು ನೋಡಿಕೊಂಡು ಎಲ್ಲ ಹೇಳಿದೆ. ಯಂತ್ರದ ದೂರು ಹೇಳಿದೆ, ತಪ್ಪು ಯಾವ ಸಾಲಿನಲ್ಲಿ ಅಂತ ಹೇಳಿದೆ, ನಿನ್ನದೇ ಸರಿಯಿತ್ತು ಅಂದೆ, ಶನಿವಾರ ಎದುರಿಗೇ ಕೂತಿದ್ದೂ ಬಾಯಿ ಬಿಡದೆ ಭಾನುವಾರ ಬರೆದೆ, ಹೊಟ್ಟೆಕಿಚ್ಚಿಗೆ ಬರೆದೆ ಅಂದೆ. ತಿದ್ದುಪಡಿಯಲ್ಲಿ ನಿನ್ನ ಹೆಸರು ಹಾಕಲಾ ಎಂದು ಕೇಳಿದೆ.

ಅವನು ಕೇಬಲ್ಲನ್ನು ಬಾಯಿಂದ ತೆಗೆದು ಜೋಡಿಸಿದ. ಟೇಪು ಸುತ್ತಿದ. ಇಳಿದ. ಏಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಗಲಿಗೇರಿಸಿದ.

"ನಾನ್ ಓದೋ ಮುಂಚೆ ನನ್ನೆಸ್ರು ಎಲ್ಲೂ ಆಕ್ಬ್ಯಾಡ," ಅಂದ. "ಕಳ್ಸು. ನೋಡ್ತೀನಿ."

ಅಷ್ಟೇ. ಬಾ, ಟೀ ಕುಡಿಯಾನ ಅನ್ನಲಿಲ್ಲ. ನನ್ನ ಮನಸ್ಸು ಆ ಟೀಯನ್ನು ಎಷ್ಟು ಕಾದಿತ್ತೆಂದರೆ, ವಾಪಸು ಬರುತ್ತ ಚಹಾದವನಲ್ಲಿ ಎರಡು ಲೋಟ ಕುಡಿದೆ.

ತಿದ್ದುಪಡಿ ಬರೆದು ಪರಿಶೀಲನೆಗೆಂದು ಲಿಸ್ಟಿಗೆ ಕಳಿಸಿದೆ, ಸದ್ಯಕ್ಕೆ ಅವನ ಹೆಸರಿಲ್ಲದೆ, ಅವನಿಗೊಂದು ಪ್ರತಿ. ಎರಡು ದಿನಕ್ಕೆ ಅವನ ಉತ್ತರ ಬಂತು. ಕೋಡು ಸರಿಯಿದೆ, ಯಾಕೆ ಕಾಯಬೇಕು ಎಂಬ ಕಾರಣವನ್ನು ವಿವರಣೆಯಲ್ಲಿ ಬರೆಯುವುದು ಒಳ್ಳೆಯದು. ಎರಡೇ ಸಾಲು, ಒಣ ಇಂಗ್ಲಿಷು, ಮೇಲೆ ನಮಸ್ಕಾರವಿಲ್ಲ, ಕೆಳಗೆ ಹೆಸರು ಮಾತ್ರ. ಆ ಎರಡು ಸಾಲನ್ನು ಪ್ರೇಮಪತ್ರದ ಹಾಗೆ ಎಷ್ಟು ಸಲ ಓದಿದೆ ಎಂದು ಹೇಳಿದರೆ ನನ್ನ ಹೆಂಡತಿ ನಗುತ್ತಾಳೆ. ಕಾರಣ ಬರೆದೆ. ಇನ್ನು ಕಳಿಸಿದರೆ ಅವನು ಒಪ್ಪುತ್ತಾನೆ, ಹೆಸರು ಕೊಡುತ್ತಾನೆ, ಅಲ್ಲಿಗೆ ಕೆಲಸ ಮುಗಿಯಿತು. ಮುಗಿದರೆ ಮತ್ತೆ ಅವನು ನನಗೆ ಬರೆಯಲು ಕಾರಣವೇನು ಉಳಿಯುತ್ತದೆ?

ಈಗ ಹೇಳುವುದನ್ನು ಇನ್ನಾರಿಗೂ ಹೇಳಬೇಡಿ. ಒಂದು ಸಾಲಿನ ಕೊನೆಯಲ್ಲಿ ಬೇಕೆಂದೇ ಒಂದು ಖಾಲಿ ಜಾಗ ಬಿಟ್ಟೆ. ಕಣ್ಣಿಗೆ ಕಾಣದ ಖಾಲಿ. ಅದರಿಂದ ಯಾವ ಯಂತ್ರಕ್ಕೂ ಕೇಡಿಲ್ಲ, ಆದರೆ ನಮ್ಮಲ್ಲಿ ಅದು ಅಶಿಸ್ತು. ಕಳಿಸುವ ಮುಂಚೆ ಇಂಥದನ್ನೆಲ್ಲ ಹಿಡಿದುಕೊಡುವ ಒಂದು ಪರೀಕ್ಷೆಯ ಪ್ರೋಗ್ರಾಮಿದೆ, ನಿನ್ನೆ ಸೇರಿದ ಹುಡುಗನೂ ಅದನ್ನು ಓಡಿಸಿಯೇ ಕಳಿಸುತ್ತಾನೆ. ಲ್ಯಾಬಿನಲ್ಲಿ ಮಕ್ಕಳಿಗೆ ಈ ಖಾಲಿಗಳಿಗಾಗಿ ಅಂಕ ಕಳೆಯುವವನು ನಾನು. ಅವನು ಬರೆಯಲಿ, ಇನ್ನೊಂದೇ ಒಂದು ಸಾಲು ಬರೆಯಲಿ ಎಂದು ಕಳಿಸಿ ಕಾದೆ.

ಲಿಸ್ಟಿನಲ್ಲಿ ಏನೂ ಬರಲಿಲ್ಲ. ಸಂಜೆ ಫೋನು ಹೊಡೆಯಿತು. ಎರಡು ವರ್ಷದ ಮೇಲೆ ಆ ಹೆಸರು ಪರದೆಯ ಮೇಲೆ ತಾನಾಗಿ ಬಂದಿತ್ತು. ಎತ್ತಿದೆ. ಹಿಂದೆ ಪಾತ್ರೆಗೆ ಹಾಲು ಬೀಳುವ ಸದ್ದು. ಅವನು ಕ್ಷೇಮ ಸಮಾಚಾರ ಕೇಳಲಿಲ್ಲ.

"ನಾಲ್ಕನೇ ಸಾಲಿನ್ ಕೊನೇಗೆ ಖಾಲಿ ಐತೆ," ಅಂದ.

"ಹೌದಾ," ಅಂದೆ.

"ಅದು ನೀನ್ ಮಾಡೋ ತಪ್ಪಲ್ಲ ಕಣ್ಲಾ."

ಬೇಕಂತಲೇ ಬಿಟ್ಟೆ, ನೀನು ಇನ್ನೊಂದು ಸಲ ಬರೆಯಲಿ ಅಂತ ಬಿಟ್ಟೆ, ನೀನಿಲ್ಲದೆ ಬೇಜಾರಾಗಿದೆ ಕಣೋ ಅಂದೆ. ಹಾಲಿನ ಸದ್ದು ನಿಂತಿತು. ಫೋನು ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ.

"ಲಿಸ್ಟಾಗೇ ಬರ್ಯಾಕಂತ ಕುಂತಿದ್ದೆ," ಅಂದ ಕೊನೆಗೆ. "ನಾಲ್ಕ್ ದೇಸ್ದೋರು ಓದ್ತಾರೆ, ನಿನ್ ಮರ್ವಾದೆ ಯಾಕ್ ಕಳೀಬೇಕು ಅಂತ ಫೋನ್ ಮಾಡ್ದೆ."

ಚುಚ್ಚಲು ಹೇಳಿದ್ದಲ್ಲ. ಹಸುವಿಗೆ ಹುಲ್ಲು ಹಾಕಿದೆ ಅನ್ನುವ ಹಾಗೆ ಹೇಳಿದ. ತಪ್ಪು ಕಂಡಾಗ ಏನು ಮಾಡಬೇಕೆಂದು ವರ್ಷಗಟ್ಟಲೆ ಓದಿ, ತಿದ್ದಿ, ಮಕ್ಕಳಿಗೆ ಪಾಠವನ್ನೂ ಮಾಡಿದವನು ನಾನು. ಅದನ್ನು ಮಾಡಿ ತೋರಿಸಿದವನು ಕೊಟ್ಟಿಗೆಯಲ್ಲಿ ಕೂತಿದ್ದ.

ಖಾಲಿ ಅಳಿಸಿದೆ. ಹೆಸರು ಹಾಕ್ಕೋ ಅಂದ. ಹಾಕಿದೆ. ಕಳಿಸುವ ಮುಂಚೆ ಒಂದು ಸಲ ಓದಿ ಹೇಳ್ತೀನಿ, ಕೇಳಿಸ್ಕೋ ಎಂದು ಶುರುಮಾಡಿದೆ. ಇಡೀ ತಿದ್ದುಪಡಿ ಹನ್ನೊಂದು ಸಾಲು. ಚಿಕ್ಕದಾಗಿ ಬರೆಯುವ ನನ್ನ ಹುಚ್ಚಿಗೆ ಅವತ್ತೊಂದು ದಿನ ಪಶ್ಚಾತ್ತಾಪಪಟ್ಟು, ಒಂದೊಂದೇ ಸಾಲನ್ನು ಆದಷ್ಟು ನಿಧಾನವಾಗಿ ಓದಿದೆ.